ಬಂದನೆಂದು ಬರೆಸಿದ ಹೇಳಿಕೆ

ಎಪ್ಪತ್ತೊಂಬತ್ತನೆಯ ಇಸವಿಯ ಡಿಸೆಂಬರಿನಲ್ಲಿ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮಲ್ಲಟದ ಹಳ್ಳದ ದಂಡೆಯ ಹೊಲದಿಂದ ಬಂದೂಕಿನ ಸದ್ದು ಕೇಳಿಸಿತು. ಒಂದೇ ಸದ್ದು. ಊರಿನವರಿಗೆ ಅದರ ಗುರುತು ಇತ್ತು. ಆ ಕಡೆಯ ಹೊಲಗಳಲ್ಲಿ ಲೈಸೆನ್ಸಿನ ಬಂದೂಕು ಇದ್ದದ್ದು ಮೀರಾಹುಸೇನನ ಹತ್ತಿರ ಮಾತ್ರ. ಅವನು ಸೌದಿಯ ಜಿದ್ದಾಕ್ಕೆ, ಕಟ್ಟಡ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿ ಎರಡು ವರ್ಷದ ಮೇಲಾಗಿತ್ತು. ಹಾಗಾಗಿ ಕಟ್ಟೆಯ ಮೇಲೆ ಕೂತವರು, ಕುರಿ ಹೊಡೆದುಕೊಂಡು ಬರುತ್ತಿದ್ದವರು, ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಎಲ್ಲರೂ ಒಂದೇ ಮಾತಾಡಿದರು: "ಮೀರಾ ಬಂದಾನ."

ಬಂದೂಕು ಹಾರಿಸಿದ್ದು ಅವನ ಹೆಂಡತಿ ಜಾಹೆದಾ.

ಜಾಹೆದಾಳ ತವರು ದೇವದುರ್ಗ. ಅಲ್ಲಿ ಉರ್ದು ಶಾಲೆಯಲ್ಲಿ ಏಳನೆಯತನಕ ಓದಿದ್ದಳು. ಅಣ್ಣ ವಲಿ ಪಾಷಾ ಬಸ್ ನಿಲ್ದಾಣದ ಎದುರು ಹಣ್ಣಿನ ಅಂಗಡಿ ಇಟ್ಟುಕೊಂಡಿದ್ದ. ಮದುವೆಯಾಗಿ ಮಲ್ಲಟಕ್ಕೆ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಮನೆಯಲ್ಲಿ ಗಂಡ, ಅತ್ತೆ ಬಡೇಬೀ, ಆರು ಎಕರೆ ಹೊಲ, ಮಾವ ಬಿಟ್ಟುಹೋದ ಒಂಟಿ ನಳಿಗೆಯ ಬಂದೂಕು. ನಿಜಾಮನ ಕಾಲದಿಂದ ಮಾವನ ಹೆಸರಲ್ಲಿದ್ದ ಆ ಬಂದೂಕು, ಅವರು ತೀರಿಕೊಂಡ ಮೇಲೆ ಹಂದಿಗಳಿಂದ ಬೆಳೆ ಕಾಯುವುದಕ್ಕೆಂದು ಮಗನ ಹೆಸರಿಗೆ ಆಗಿತ್ತು. ಜೋಳ ಹಾಲು ತುಂಬುವ ದಿನಗಳಲ್ಲಿ ಮೀರಾಹುಸೇನ ಸಂಜೆ ಹೊಲಕ್ಕೆ ಹೋಗಿ ಒಂದು ಗುಂಡು ಆಕಾಶಕ್ಕೆ ಹಾರಿಸಿ ಬರುತ್ತಿದ್ದ. ಆ ಸದ್ದು ಕೇಳಿದ ಮೇಲೆಯೇ ಜಾಹೆದಾ ಹಂಚು ಒಲೆಗೆ ಇಡುತ್ತಿದ್ದಳು. ಅವನು ಕೈಕಾಲು ತೊಳೆದು ಕೂರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು.

ಜಿದ್ದಾಕ್ಕೆ ಹೊರಡುವ ಮೊದಲು ಅವನು ಬಂದೂಕನ್ನು ಮಾನ್ವಿಯ ಠಾಣೆಯಲ್ಲಿ ಜಮಾ ಮಾಡಬೇಕಾಗಿತ್ತು. ಮಾಡಲಿಲ್ಲ. "ಎರಡು ವರ್ಷ ಅಂದ್ರ ಕಣ್ಣು ಮುಚ್ಚಿ ತೆಗಿಯೋದ್ರಾಗ ಹೋಗ್ತದ. ಹಂದಿ ಬಂದ್ರ ನೀನ ಒಂದು ಹಾರಿಸು" ಎಂದು ನಕ್ಕಿದ್ದ. ಒಂದು ಸಂಜೆ ಹೊಲಕ್ಕೆ ಕರೆದುಕೊಂಡು ಹೋಗಿ, ಅವಳ ಹಿಂದೆ ನಿಂತು, ಹಿಡಿಕೆಯನ್ನು ಅವಳ ಭುಜಕ್ಕೆ ಒತ್ತಿ ಹಿಡಿದು ಕಲಿಸಿದ್ದ. ಆಮೇಲೆ ನಗು ಬಿಟ್ಟು ಇನ್ನೊಂದು ಪಾಠ ಹೇಳಿದ್ದ: "ಪೊಲೀಸರು ಬಂದ್ರ ಬಂದೂಕು ಕೈಯಾಗ ಹಿಡ್ಕೊಂಡು ಎದುರಿಗಿ ಹೋಗಬ್ಯಾಡ. ಮೊದಲು ಲೈಸೆನ್ಸಿನ ಪುಸ್ತಕ ತೋರಿಸು. ಎಲ್ಲದ ಅಂತ ಬಾಯಿಲೆ ಹೇಳು. ತರು ಅಂದ್ರ ಕೀಲಿನ ಹತ್ರ ನಳಿಗಿ ಮುರಿದು, ಒಳಗ ಗುಂಡಿನ ತೋಟಾ ಇಲ್ಲಂತ ತೋರಿಸಿ, ಮಂಚದ ಮ್ಯಾಲ ಇಟ್ಟು ದೂರ ನಿಲ್ಲು. ತಗೊಂಡು ಹೋದ್ರ ನಂಬರ್ ಬರೆದ ರಸೀದಿ ತಗೊ. ಜಗಳ ಮಾಡಬ್ಯಾಡ, ಸುಳ್ಳೂ ಹೇಳಬ್ಯಾಡ."

ಎರಡು ವರ್ಷ ಬಂದೂಕು ಜೋಳ ತುಂಬಿಡುವ ಗುಮ್ಮಿಯ ಹಿಂದೆ ಗೋಡೆಗೆ ಒರಗಿಕೊಂಡೇ ಇತ್ತು. ತಿಂಗಳಿಗೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದಳು, ಅಷ್ಟೇ. ಹಂದಿಗಳನ್ನು ಡಬ್ಬಿ ಬಾರಿಸಿ ಓಡಿಸುತ್ತಿದ್ದಳು.

ಆ ದಿನ ಮಧ್ಯಾಹ್ನ ಟಪಾಲು ಬಂದಿತ್ತು. ಮೀರಾಹುಸೇನ ಈ ತಿಂಗಳು ಬರುವವನಿದ್ದ. ಅವನಿಗೆಂದು ಹೊಸ ಕೌದಿ ಹೊಲಿಸಿ ಇಟ್ಟಿದ್ದಳು. ಪತ್ರದಲ್ಲಿ ನಾಲ್ಕೇ ಸಾಲು ಇದ್ದವು. ಇನ್ನೂ ಎರಡು ವರ್ಷ ಇಲ್ಲಿಯೇ ಆಗುತ್ತದೆ. ಅಮ್ಮನಿಗೆ ಮೆಲ್ಲಗೆ ಹೇಳು. ಕಣ್ಣಿನ ಆಪರೇಷನ್ ಮಾಡಿಸು. ನಿನ್ನ ಆರೋಗ್ಯ ನೋಡಿಕೋ. ಯಾಕೆ, ಏನು ಎಂದು ಒಂದಕ್ಷರ ಇರಲಿಲ್ಲ. ಜಾಹೆದಾ ಅದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಪತ್ರದಲ್ಲಿ ಏನಿದೆ ಎಂದು ಅತ್ತೆ ಕೇಳಿದಾಗ, "ಚಲೋ ಅದಾರಂತ ಅಮ್ಮಾ" ಎಂದಳು.

ಸಂಜೆ ಹೊಲಕ್ಕೆ ಹೊರಟಾಗ ಅವಳ ಕೈ ಡಬ್ಬಿಗೆ ಹೋಗದೆ ಗುಮ್ಮಿಯ ಹಿಂದೆ ಹೋಯಿತು. ಯಾಕೆ ಎಂದು ಆಮೇಲೆ ಎಷ್ಟೋ ಮಂದಿ ಕೇಳಿದರು; ಸರಿಯಾದ ಉತ್ತರ ಅವಳಿಗೇ ಗೊತ್ತಿರಲಿಲ್ಲ. ಹಂದಿಗಳು ಬಂದದ್ದಂತೂ ನಿಜ. ಮರಿಗಳನ್ನು ಕಟ್ಟಿಕೊಂಡು ಒಂದು ಹೆಣ್ಣು ಹಂದಿ ಹಳ್ಳ ಹತ್ತಿ ಜೋಳದೊಳಗೆ ನುಗ್ಗಿತ್ತು. ಅವಳು ನಳಿಗೆಯನ್ನು ಆಕಾಶಕ್ಕೆ ಎತ್ತಿ ಬಂದೂಕಿನ ಕುದುರೆ ಎಳೆದಳು. ಹಿಡಿಕೆ ಭುಜಕ್ಕೆ ಒದ್ದಿತು. ಹಂದಿಗಳು ಓಡಿದವು. ಸುಟ್ಟ ಮದ್ದಿನ ವಾಸನೆ ತೆನೆಗಳ ಮೇಲೆ ನಿಂತಿತು. ಹಿಂದೆ ಅವನ ಅಂಗಿ ಒಗೆಯುವಾಗ ಬರುತ್ತಿದ್ದ ವಾಸನೆ ಅದು. ಅದು ಪೂರಾ ಹೋಗುವತನಕ ಅವಳು ಅಲ್ಲಿಂದ ಕದಲಲಿಲ್ಲ.

ಮನೆಗೆ ಬಂದರೆ ಅಂಗಳದ ತುಂಬ ಜನ. ಕಣ್ಣಿಗೆ ಪೊರೆ ಬಂದು ಮಸುಕು ಮಸುಕಾಗಿ ಕಾಣುತ್ತಿದ್ದ ಬಡೇಬೀ ಹೊಸ್ತಿಲ ಮೇಲೆ ನಿಂತಿದ್ದಳು. ಒಳಗೆ ಚಹಾದ ನೀರು ಕುದಿಯುತ್ತಿತ್ತು. ಮಂಚದ ಮೇಲೆ ಹೊಸ ಕೌದಿ ಹಾಸಿತ್ತು. ಪಕ್ಕದ ಮನೆಯ ಜಂಬಮ್ಮ ನಾಲ್ಕು ಕೋಳಿ ತತ್ತಿ ತಂದುಕೊಟ್ಟಿದ್ದಳು.

"ಕಾಂ ಹೈ ಗೇ ಮೇರಾ ಬಚ್ಚಾ?" ಬಡೇಬೀ ಸೊಸೆಯ ಹಿಂದೆ ಕತ್ತಲಲ್ಲಿ ಮಗನನ್ನು ಹುಡುಕಿದಳು. "ಮನಿಗಿ ಬರೋದು ಬಿಟ್ಟು ಮೊದಲು ಹೊಲಕ್ಕ ಹೋಗ್ಯಾನ, ಹುಚ್ಚ."

"ಅಮ್ಮಾ, ಅವ್ರು ಬಂದಿಲ್ಲ."

"ಗುಂಡಿನ ಸಪ್ಪಳ ನಾ ಕೇಳೀನಿ."

"ನಾ ಹಾರಿಸಿದೆ, ಅಮ್ಮಾ."

ಬಡೇಬೀ ಕೈ ಚಾಚಿ ಬಂದೂಕನ್ನು ಮುಟ್ಟಿದಳು. ಆಮೇಲೆ ಅದನ್ನು ಹಿಡಿದಿದ್ದ ಕೈ ಮುಟ್ಟಿದಳು, ಬಳೆಗಳು ಸಿಕ್ಕವು. ಒಳಗೆ ಹೋಗಿ ಕೌದಿ ಮಡಚಿದಳು. ಬಂದವರು ಒಬ್ಬೊಬ್ಬರಾಗಿ ಹೋದರು. ಜಂಬಮ್ಮ ಹೋಗುವಾಗ, "ತತ್ತಿ ಇರಲಿ ಬಿಡವ್ವಾ, ನೀವ ಉಣ್ರಿ" ಎಂದಳು. ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ. ಜಾಹೆದಾ ಪತ್ರವನ್ನು ಅತ್ತೆಗೆ ಓದಿ ಹೇಳಿದಳು.

ಮೀರಾ ಬಂದಾನೆ ಎಂಬ ಸುದ್ದಿ ಮಾತ್ರ ಊರಲ್ಲಿ ನಿಲ್ಲದೆ ಸಂತೆಗೆ ಬಂದವರ ಬಾಯಲ್ಲಿ ಮಾನ್ವಿ ಮುಟ್ಟಿತು.

ಎರಡು ದಿನ ಬಿಟ್ಟು ದಫೇದಾರ ಗದ್ದೆಪ್ಪ ಒಬ್ಬ ಪೊಲೀಸಿನವನ ಜೊತೆ ಬಸ್ಸಿಳಿದು ಬಂದ. ಐವತ್ತರ ಹತ್ತಿರದ, ಹೊಟ್ಟೆ ಬಂದ ಮನುಷ್ಯ. ಜನವರಿಯಲ್ಲಿ ಚುನಾವಣೆ ಇತ್ತು. ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಜಮಾ ಮಾಡಿಸುವ ಪಟ್ಟಿ ಅವನ ಕೈಯಲ್ಲಿತ್ತು.

"ಮೀರಾಹುಸೇನ ಎಲ್ಲದಾನವ್ವಾ? ಬಂದಾನಂತ, ಚಲೋ ಆತು. ಇಲ್ಲಂದ್ರ ಈ ಬಂದೂಕಿನ ಸಲುವಾಗಿ ನಾ ಏನು ಬರೀಲಿ ಅಂತ ತಲಿ ಕೆಡಿಸ್ಕೊಂಡಿದ್ದೆ" ಎನ್ನುತ್ತ ಅಂಗಳದ ಕಲ್ಲಿನ ಮೇಲೆ ಕೂತ.

ಜಾಹೆದಾ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಸ್ವಲ್ಪ ನಿಂದರ್ರಿ, ಮೊದಲು ಕಾಗದ ತರ್ತೀನಿ" ಎಂದು ಒಳಗೆ ಹೋಗಿ ಲೈಸೆನ್ಸಿನ ಪುಸ್ತಕ ತಂದು ಕೊಟ್ಟಳು. "ಬಂದೂಕು ಒಳಗ ಗುಮ್ಮಿ ಹಿಂದ ಅದರಿ. ತುಂಬಿಲ್ಲ. ನಾ ತರ್ಲೇನು, ನೀವ ಬಂದು ತಗೋತೀರೇನು?"

ಗದ್ದೆಪ್ಪ ಪುಸ್ತಕದಿಂದ ತಲೆ ಎತ್ತಿದ. "ಇಪ್ಪತ್ತೈದು ವರ್ಷ ನೌಕರಿ ಮಾಡೀನಿ, ಹಿಂಗ ಯಾರೂ ಕೇಳಿಲ್ಲ. ಯಾರು ಕಲಿಸಿದ್ರು?"

"ಮನಿಯವ್ರು."

"ತಗೊಂಡು ಬಾರವ್ವಾ."

ಅವಳು ಬಂದೂಕು ತಂದು, ನಳಿಗೆ ಮುರಿದು ತೋರಿಸಿ, ಅಂಗಳದಲ್ಲಿ ಹಾಕಿದ್ದ ಮಂಚದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಹನ್ನೊಂದು ತೋಟಾ ಮತ್ತು ಒಂದು ಖಾಲಿ ಸಿಪ್ಪೆಯನ್ನು ಪಕ್ಕದಲ್ಲಿಟ್ಟಳು. ಗದ್ದೆಪ್ಪ ನಳಿಗೆಯ ಬಾಯಿಗೆ ಮೂಗು ಹಿಡಿದ.

"ಮೊನ್ನೆ ಹಾರ್ಯಾದ ಇದು. ಮೀರಾಹುಸೇನನ್ನ ಕರಿ."

"ಅವ್ರು ಬಂದಿಲ್ರಿ. ಜಿದ್ದಾದಾಗ ಅದಾರ. ಹಾರಿಸಿದಾಕಿ ನಾನು."

ಪೊಲೀಸಿನವನು ನಕ್ಕ. ಗದ್ದೆಪ್ಪ ನಗಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ತಿಳೀತೇನವ್ವಾ ಇದು ಏನಾತಂತ? ಲೈಸೆನ್ಸು ಅವನ ಹೆಸರಿಗಿ. ಅವನು ಊರಾಗಿಲ್ಲ. ಬಂದೂಕು ನಿನ್ನ ಹತ್ರ ಇತ್ತು, ನೀ ಹಾರಿಸೀದಿ. ನಿನ್ನ ಮ್ಯಾಲ ಒಂದು ಕೇಸು, ಬಿಟ್ಟು ಹೋಗ್ಯಾನಂತ ಅವನ ಮ್ಯಾಲ ಒಂದು. ನಾ ಕೇಳಿಲ್ಲ ಅನ್ನಾಕ ಬರಂಗಿಲ್ಲ, ಊರೆಲ್ಲ ಕೇಳ್ಯಾರ."

"ಹಂದಿ ಬಂದಿದ್ವು ಸಾಹೇಬ್ರ."

"ಅದನ್ನೂ ಹೇಳು. ಶನಿವಾರ ಮಾನ್ವಿಗಿ ಬಾ. ಮನಿ ಗಂಡಸ್ರನ್ನ ಯಾರನ್ನಾದ್ರೂ ಕರ್ಕೊಂಡು ಬಾ. ಪಿಎಸ್ಐ ಸಾಹೇಬ್ರ ಮುಂದ ಹೇಳಿಕಿ ಬರಸ್ಬೇಕು."

ಬಂದೂಕಿನ ನಂಬರು, ತೋಟಾಗಳ ಲೆಕ್ಕ ಬರೆದ ರಸೀದಿಯನ್ನು ಅವಳು ಕೇಳುವ ಮೊದಲೇ ಕೊಟ್ಟ. ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಇಬ್ಬರೂ ಬಸ್ಸಿನ ಕಡೆ ಹೋದರು. ಆಮೇಲೆ ಜಾಹೆದಾ ಬಚ್ಚಲಿಗೆ ಹೋಗಿ ರವಿಕೆ ಸರಿಸಿ ಭುಜ ನೋಡಿಕೊಂಡಳು. ಕಲೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಂದೂಕು ಕಲಿಸಿದ ಮರುದಿನವೂ ಅಲ್ಲಿಯೇ ಇಂಥದೇ ಕಲೆ ಬಿದ್ದಿತ್ತು. ಆಗ ಗಂಡ ಅರಿಶಿನ ಬಿಸಿ ಮಾಡಿ ಹಚ್ಚಿದ್ದ. ಈಗ ಅವಳು ಅದಕ್ಕೆ ಏನೂ ಹಚ್ಚಲಿಲ್ಲ.

ಜಾಹೆದಾ ಹೇಳಿ ಕಳಿಸಿದ್ದಕ್ಕೆ ಶುಕ್ರವಾರ ಸಂಜೆ ಅಣ್ಣ ವಲಿ ಪಾಷಾ ದೇವದುರ್ಗದಿಂದ ಬಂದ. ಬಸ್ಸಿನಲ್ಲಿ ಕೂತು ಅವನು ಒಂದು ಉಪಾಯ ಕಟ್ಟಿಕೊಂಡು ಬಂದಿದ್ದ.

"ನೋಡು, ಊರೆಲ್ಲ ಮೀರಾ ಬಂದಾನ ಅಂತ ಮಾತಾಡ್ಯಾದ. ನಾವೂ ಹಂಗ ಅನ್ನೋಣ. ನಾಲ್ಕು ದಿನದ ರಜಾದ ಮ್ಯಾಲ ಬಂದಿದ್ದ, ಅವನ ಹಾರಿಸಿದ, ಅವಸರಕ್ಕ ತಿರುಗಿ ಹೋದ. ಮುಗೀತು. ನಿನ್ನ ಮ್ಯಾಲೂ ಇಲ್ಲ, ಅವನ ಮ್ಯಾಲೂ ಇಲ್ಲ."

"ದಫೇದಾರ್ರ ಮುಂದ ನಾ ಖರೇ ಹೇಳೀನಿ, ಭಾಯಿ."

"ಹೆದರಿ ತಪ್ಪು ಹೇಳಿದೆ ಅನ್ನು. ಕೇಸಾತು ಅಂದ್ರ ತಿಳಿ, ಬೊಂಬಾಯಿಯಾಗ ಇಳಿದ ಕೂಡ್ಲೆ ಅವನ್ನ ಹಿಡೀತಾರ. ಅದು ಕಿವಿಗಿ ಬಿದ್ರ ಅವನು ಬರೋದನ್ನ ಬಿಡ್ತಾನ. ನಿನಗ ಅವನು ಬರ್ಬೇಕೋ ಬ್ಯಾಡೋ?"

ಆ ಕೊನೆಯ ಮಾತು ಅವಳಿಗೆ ನಾಟಿತು.

ಮರುದಿನ ಠಾಣೆಯಲ್ಲಿ ವಲಿ ಪಾಷಾ ಹೊರಗಿನ ಬೆಂಚಿನ ಮೇಲೆ ಉಳಿದ. ಒಳಗೆ ಪಿಎಸ್ಐ ಕುರ್ಚಿಯಲ್ಲಿ, ಗದ್ದೆಪ್ಪ ಬದಿಯ ಮೇಜಿನಲ್ಲಿ ಕಾಗದ ಹಿಡಿದು ಕೂತಿದ್ದರು. ಪಿಎಸ್ಐ ಹೊಸದಾಗಿ ಬಂದ ತರುಣ, ಮೈಸೂರು ಕಡೆಯವನು. ಬಂದೂಕಿನ ಕಾಗದ ತಿರುವಿ ನೋಡಿ, "ಯಾರಮ್ಮ ಹಾರಿಸಿದ್ದು? ನಿಜ ಹೇಳು" ಎಂದ.

"ಮನಿಯವ್ರು ರೀ."

ಗದ್ದೆಪ್ಪನ ಪೆನ್ನು ನಿಂತಿತು. ಅವನು ಅವಳನ್ನು ನೋಡಿದ.

"ದಫೇದಾರರ ಹತ್ತಿರ ನೀನೇ ಹಾರಿಸಿದೆ ಅಂದಿದ್ದೀಯಂತೆ?"

"ಹೆದರಿ ಅಂದಿದ್ದೆ ರೀ."

"ಸರಿ. ಗಂಡ ಯಾವಾಗ ಬಂದ?"

"ಸೋಮವಾರ ಮುಂಜಾನಿ. ರಾಯಚೂರಿನ ಮೊದಲನೇ ಬಸ್ಸಿಗಿ."

"ಬಂದದ್ದನ್ನು ಯಾರು ನೋಡಿದರು?"

"ನಾನ ನೋಡಿದೆ ರೀ. ಅಂಗಳ ಕಸ ಹೊಡಿಯಾಕತ್ತಿದ್ದೆ. ಬಿಳಿ ಅಂಗಿ ಹಾಕ್ಕೊಂಡಿದ್ರು. ಬಾಳ ಸೊರಗಿದ್ರು. ಬಿಸಿಲಿಗಿ ಮಾರಿ ಕರ್ರಗಾಗಿತ್ತು. ನಾ ಗುರುತ ಹಿಡೀಲಿಲ್ಲ. ಅವ್ರು ನಕ್ಕ ಮ್ಯಾಲ ಗೊತ್ತಾತು."

ಪಿಎಸ್ಐ ಒಂದು ಪ್ರಶ್ನೆ ಕೇಳಿದರೆ ಅವಳು ಮೂರಕ್ಕೆ ಉತ್ತರ ಕೊಡುತ್ತ ಹೋದಳು. ಅತ್ತೆ ಮಗನ ಮುಖವನ್ನು ಕೈಯಿಂದ ತಡವಿ ನೋಡಿದಳು. ಅವನು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬಿಸಿನೀರಿನ ಸ್ನಾನ ಮಾಡಿದ. ನಾಲ್ಕು ರೊಟ್ಟಿ, ಪುಂಡಿಪಲ್ಯೆ ಉಂಡ. ಅಲ್ಲಿ ಇದು ಸಿಗುವುದಿಲ್ಲ ಎಂದ. ಮಧ್ಯಾಹ್ನ ಮಲಗಿದ್ದಾಗ ಅವನ ಅಂಗೈ ನೋಡಿದಳು; ಸಿಮೆಂಟಿಗೆ ಬಿರುಕು ಬಿಟ್ಟಿತ್ತು. ಸಂಜೆ ಎದ್ದು ಹೊಲ ನೋಡಿ ಬರುತ್ತೇನೆ ಎಂದು ಹೋದ. ಹೇಳುತ್ತ ಹೇಳುತ್ತ ಅವಳ ಅಂಜಿಕೆ ಹೋಗಿತ್ತು. ಅಂಥ ಸಲೀಸಿನಿಂದ ಅವಳು ಎರಡು ವರ್ಷದಲ್ಲಿ ಯಾರ ಮುಂದೆಯೂ ಗಂಡನ ಮಾತು ಆಡಿರಲಿಲ್ಲ. ಪಿಎಸ್ಐ ಪ್ರಶ್ನೆ ಕೇಳುವುದನ್ನೇ ಬಿಟ್ಟು ಕೇಳುತ್ತ ಕೂತಿದ್ದ.

"ಮತ್ತೆ ಯಾವಾಗ ಹೋದ?"

ಜಾಹೆದಾ ಬಾಗಿಲ ಕಡೆ ನೋಡಿದಳು.

"ಬುಧವಾರ... ಮುಂಜಾನಿ" ಎಂದಳು ಕೊನೆಗೆ, ಕೇಳಿಸೀ ಕೇಳಿಸದ ಹಾಗೆ.

ಗದ್ದೆಪ್ಪ ಬರೆದದ್ದನ್ನು ಓದಿದ. "ನನ್ನ ಗಂಡನಾದ ಮೀರಾಹುಸೇನ ಇವರು ಸೋಮವಾರ ದಿವಸ ಬೆಳಿಗ್ಗೆ ಗ್ರಾಮಕ್ಕೆ ಬಂದು, ಅದೇ ದಿವಸ ಸಾಯಂಕಾಲ ಬೆಳೆ ರಕ್ಷಣೆಗಾಗಿ ಒಂದು ಗುಂಡು ಹಾರಿಸಿದ್ದು, ಬುಧವಾರ ದಿವಸ ವಾಪಸು ತೆರಳಿರುತ್ತಾರೆ. ಈ ಹೇಳಿಕೆ ನಿಜವಾಗಿರುತ್ತದೆ." ಕಾಗದವನ್ನು ಅವಳ ಮುಂದೆ ಸರಿಸಿ, "ಸಹಿ ಮಾಡವ್ವಾ" ಎಂದ.

ಬಿಳಿ ಅಂಗಿ, ಪುಂಡಿಪಲ್ಯೆ, ಅಂಗೈಯ ಬಿರುಕು ಯಾವುದೂ ಕಾಗದದಲ್ಲಿ ಇರಲಿಲ್ಲ. ಬಂದ, ಹೋದ ಎಂದಷ್ಟೇ ಇತ್ತು. ಜಾಹೆದಾ ಪೆನ್ನು ಹಿಡಿದಳು, ಕೆಳಗಿಟ್ಟಳು.

"ಇದನ್ನ ಹೊಡೆದು ಹಾಕ್ರಿ, ಯಪ್ಪಾ."

"ಏನು?" ಪಿಎಸ್ಐ ಮುಂದಕ್ಕೆ ಬಾಗಿದ.

"ಅವ್ರು ಬಂದಿಲ್ರಿ. ಬಂದಿದ್ರ ಬುಧವಾರ ಹೋಗಾಕ ನಾ ಬಿಡ್ತಿದ್ದಿಲ್ಲ." ಈಗ ಅಳು ಬಂದಿತ್ತು. ಅಳುತ್ತಲೇ ಹೇಳಿದಳು: "ಸರಕಾರದ ಕಾಗದದಾಗ ಬಂದು ಹೋದ್ರು ಅಂತ ಬರೆದ್ರ ಅದು ಬರೆದಂಗ ಉಳೀತದ. ನಾ ಇನ್ನೂ ಹಾದಿ ನೋಡಾಕತ್ತೀನಿ. ಬರಲಾರದವ್ರನ್ನ ಬಂದಾರಂತ ಹೆಂಗ ಸಹಿ ಮಾಡ್ಲಿ? ಹಾರಿಸಿದಾಕಿ ನಾನು. ಜೈಲಿಗಿ ಹಾಕ್ರಿ, ಹೋಗ್ತೀನಿ."

ಪಿಎಸ್ಐ ಮೇಜು ಗುದ್ದಿ ಎದ್ದ. "ಏನಮ್ಮ, ಪೊಲೀಸರ ಮುಂದೆ ನಾಟಕ ಆಡ್ತೀಯಾ? ಅರ್ಧ ಗಂಟೆಯಿಂದ ಏನೆಲ್ಲ ಹೇಳಿದೆ!" ಹೊರಗೆ ವಲಿ ಪಾಷಾ ತಲೆಯ ಮೇಲೆ ಕೈ ಹೊತ್ತು ಕೂತ. ಪಿಎಸ್ಐ ಕಿಟಕಿಯ ತನಕ ಹೋಗಿ ಸ್ವಲ್ಪ ಹೊತ್ತು ಹೊರಗೆ ನೋಡಿ ತಿರುಗಿ ಬಂದ. ಕೂರಲಿಲ್ಲ. "ದಫೇದಾರ್ರೇ, ಬೇರೆ ಕಾಗದ ತಗೊಳ್ಳಿ" ಎಂದ.

ಎರಡನೆಯ ಹೇಳಿಕೆ ಆರು ಸಾಲಿನಲ್ಲಿ ಮುಗಿಯಿತು. ಜಾಹೆದಾ ಉರ್ದುವಿನಲ್ಲಿ ಸಹಿ ಹಾಕಿದಳು.

ಬೇರೆಯವರ ಲೈಸೆನ್ಸಿನ ಬಂದೂಕು ಇಟ್ಟುಕೊಂಡವರ ಮೇಲೆ ಮೊಕದ್ದಮೆ ಹೂಡಲು ಜಿಲ್ಲಾಧಿಕಾರಿಯ ಮಂಜೂರಾತಿ ಬೇಕಿತ್ತು. ಕಾಗದಗಳು ರಾಯಚೂರಿಗೆ ಹೋದವು. ಚುನಾವಣೆ ಮುಗಿದು, ಜೋಳ ಕೊಯ್ದು, ಬಿಸಿಲು ಏರಿದ ಮೇಲೆ, ಏಪ್ರಿಲ್ ತಿಂಗಳಲ್ಲಿ ಅವಳಿಗೆ ಕರೆ ಬಂತು. ವಲಿ ಪಾಷಾ ಸಿಟ್ಟು ಮಾಡಿಕೊಂಡಿದ್ದರೂ ಜೊತೆಗೆ ಬಂದ. ಕಚೇರಿಯ ಬೇವಿನ ಮರದ ಕೆಳಗೆ ಮಧ್ಯಾಹ್ನದತನಕ ಕಾದರು. ಒಳಗೆ ಅಧಿಕಾರಿ ಎರಡೇ ಮಾತು ಕೇಳಿದ: ಗುಂಡು ಯಾರಿಗಾದರೂ ತಗುಲಿತೇ, ಗಂಡ ಯಾವಾಗ ಬರುತ್ತಾನೆ. ಮೊದಲನೆಯದಕ್ಕೆ ಇಲ್ಲ ಎಂದಳು. ಎರಡನೆಯದಕ್ಕೆ, "ಅದನ್ನ ನಾನೂ ಕೇಳಾಕತ್ತೀನಿ ರೀ" ಎಂದಳು. ಮೊಕದ್ದಮೆಗೆ ಮಂಜೂರಾತಿ ಸಿಗಲಿಲ್ಲ, ಗಂಡ ಹೆಂಡತಿ ಇಬ್ಬರೂ ಕೇಸಿನಿಂದ ಪಾರಾದರು. ಆದರೆ ಲೈಸೆನ್ಸು ಅಮಾನತಾಯಿತು. ಲೈಸೆನ್ಸುದಾರ ಆರು ತಿಂಗಳೊಳಗೆ ಖುದ್ದಾಗಿ ಹಾಜರಾಗಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಲೈಸೆನ್ಸು ರದ್ದು ಎಂದು ನೋಟೀಸು ಹೊರಟಿತು.

ಆ ನೋಟೀಸನ್ನು ಜಾಹೆದಾ ಲಕೋಟೆಯಲ್ಲಿ ಹಾಕಿ ಜಿದ್ದಾಕ್ಕೆ ಕಳಿಸಿದಳು. ನಡೆದದ್ದನ್ನೆಲ್ಲ ಬರೆದಳು. ಬಾ ಎಂದು ಮಾತ್ರ ಬರೆಯಲಿಲ್ಲ. 'ಖುದ್ದಾಗಿ' ಎನ್ನುವ ಶಬ್ದದ ಕೆಳಗೆ ಒಂದು ಗೆರೆ ಎಳೆದಳು.

ಎರಡು ತಿಂಗಳು ಉತ್ತರ ಬರಲಿಲ್ಲ. ರಂಜಾನ್ ಬಂತು. ಅತ್ತೆ ಸೊಸೆ ಇಬ್ಬರೇ ಇಫ್ತಾರಕ್ಕೆ ಕೂರುವಾಗ ಬಡೇಬೀ ಪ್ರತಿದಿನ ಒಂದು ಖರ್ಜೂರ ಹೆಚ್ಚಿಗೆ ತೆಗೆದಿಡುತ್ತಿದ್ದಳು. ಹಬ್ಬವಾದ ಮೇಲೆ ದಪ್ಪನೆಯ ಲಕೋಟೆ ಬಂತು. ಹಿಂದಿನ ನಾಲ್ಕು ಸಾಲಿನ ಹಾಗಲ್ಲ, ಎರಡೂ ಕಡೆ ಬರೆದ ಮೂರು ಹಾಳೆ.

ಮೀರಾಹುಸೇನ ಬರೆದಿದ್ದ: ಇಲ್ಲಿ ಉಳಿದದ್ದು ನನ್ನ ಇಚ್ಛೆಯಿಂದ ಅಲ್ಲ. ನನ್ನನ್ನು ಕರೆಸಿಕೊಂಡ ಯಜಮಾನ ಪಾಸ್‌ಪೋರ್ಟು ತನ್ನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದಾನೆ. ಇನ್ನೂ ಎರಡು ವರ್ಷ ದುಡಿದರೆ ಕೊಡುತ್ತೇನೆ ಎನ್ನುತ್ತಾನೆ. ನೀವಿಬ್ಬರು ಹೆಂಗಸರು ಕೂತು ಅಳುತ್ತೀರಿ ಎಂದು ಮೊದಲು ಬರೆಯಲಿಲ್ಲ. ನಾನು ಮರೆತೆ ಎಂದು ನೀನು ತಿಳಿದಿರಬೇಕು. ನಿನ್ನ ಪತ್ರ ನನ್ನ ಕೋಣೆಯವರಿಗೆಲ್ಲ ಓದಿ ಹೇಳಿದೆ. ಪೊಲೀಸರ ಮುಂದೆ ನಿಂತಳಾ ಎಂದು ಯಾರೂ ನಂಬಲಿಲ್ಲ. ಬಂದೂಕು ಹೋದರೆ ಹೋಗಲಿ. ಆದರೆ ಒಂದು ಕೇಳುತ್ತೇನೆ, ಭುಜಕ್ಕೆ ಬಹಳ ಪೆಟ್ಟಾಯಿತಾ?

ಜಾಹೆದಾ ಆ ಪತ್ರವನ್ನು ಹೊಲದ ಬದುವಿನ ಮೇಲೆ ಕೂತು ಓದಿದಳು. ಒಂಬತ್ತು ತಿಂಗಳು ಅವಳು ಅವನನ್ನು ಮನಸ್ಸಿನಲ್ಲೇ ಬೈದಿದ್ದಳು. ಈಗ ಬೈಯಲು ಯಾರೂ ಉಳಿಯಲಿಲ್ಲ. ಸಿಟ್ಟಿದ್ದಷ್ಟು ದಿನ ಹೇಗೋ ದಿನ ಹೋಗುತ್ತಿದ್ದವು. ಅದು ಹೋದ ಮೇಲೆ ಕಾಯುವುದು ಇನ್ನೂ ಕಷ್ಟವಾಯಿತು.

ಆರು ತಿಂಗಳು ಮುಗಿದು ಲೈಸೆನ್ಸು ರದ್ದಾಯಿತು. ಬಂದೂಕು ಸರಕಾರಕ್ಕೆ ಸೇರುವ ಮೊದಲು ಗದ್ದೆಪ್ಪ ಹೇಳಿ ಕಳಿಸಿದ. ಠಾಣೆಗೆ ಹೋದರೆ, "ಹೊಲ ಯಾರ ಹೆಸರಿಗದ?" ಎಂದು ಕೇಳಿದ.

"ಅತ್ತಿ ಹೆಸರಿಗಿ. ಮಾಡಾಕಿ ನಾನು."

"ಹಂದಿ ನಿನಗೂ ಬರ್ತಾವಲ್ಲ? ನಿನ್ನ ಹೆಸರಿಲೆ ಅರ್ಜಿ ಹಾಕು. ಹೆಣ್ಮಕ್ಕಳು ಹಾಕಬಾರದು ಅಂತ ಕಾಯ್ದೆದಾಗ ಎಲ್ಲೂ ಇಲ್ಲ. ಗಂಡ ಒಪ್ಪಿದ ಪತ್ರ ತರಸು."

ಅವಳು ಅರ್ಜಿ ಹಾಕಿದಳು. ತಲಾಟಿಯ ಕಾಗದ, ತಹಸೀಲ್ದಾರರ ಕಾಗದ, ಜಿದ್ದಾದಿಂದ ಬಂದ ಒಪ್ಪಿಗೆ ಪತ್ರ, ಫೋಟೋ. ಫೋಟೋ ತೆಗೆಸಲು ರಾಯಚೂರಿಗೆ ಹೋದಾಗ ಒಂದು ಹೆಚ್ಚಿಗೆ ತೆಗೆಸಿ ಅವನಿಗೂ ಕಳಿಸಿದಳು. ಪೊಲೀಸರ ವರದಿ ಹೇಗೆ ಬರುತ್ತದೋ ಎಂಬುದೊಂದೇ ಅಂಜಿಕೆ ಇತ್ತು. ಬರೆಯುವವನು ಅದೇ ಪಿಎಸ್ಐ. ಅವನು ಬರೆದದ್ದನ್ನು ಗದ್ದೆಪ್ಪ ಎಷ್ಟೋ ದಿನದ ಮೇಲೆ ಅವಳಿಗೆ ಹೇಳಿದ: ಅರ್ಜಿದಾರಳು ತನಗೆ ನಷ್ಟವಾಗುವಲ್ಲಿಯೂ ನಿಜ ಹೇಳಿರುತ್ತಾಳೆ, ಆಯುಧ ಕೊಡಲು ಅಡ್ಡಿ ಇಲ್ಲ. ಎಂಬತ್ತೊಂದರ ಮಳೆಗಾಲದಲ್ಲಿ ಜಾಹೆದಾಳ ಹೆಸರಿನ ಪುಸ್ತಕ ಬಂತು.

ಬಂದೂಕು ಮನೆಗೆ ಬಂದರೂ ಅವಳು ಸಂಜೆ ಹೊತ್ತು ಹಾರಿಸಲಿಲ್ಲ. ಹಂದಿ ಬಂದರೆ ನಸುಕಿನಲ್ಲಿ ಹೋಗಿ ಹಾರಿಸುತ್ತಿದ್ದಳು. ಅತ್ತೆ ಆಗ ನಿದ್ದೆಯಲ್ಲಿ ಇರುತ್ತಿದ್ದಳು. ಬಡೇಬೀಯ ಕಣ್ಣಿನ ಆಪರೇಷನ್ ರಾಯಚೂರಿನಲ್ಲಿ ಆಯಿತು, ಒಂದು ಕಣ್ಣು ಚೆನ್ನಾಗಿ ಕಂಡಿತು. ಆ ಕಣ್ಣಿನಿಂದ ಅವಳು ಮಗನ ಫೋಟೋ ನೋಡಿದಳು, ಮಗನನ್ನು ನೋಡಲಿಲ್ಲ. ಎಂಬತ್ತೆರಡರ ಅಕ್ಟೋಬರಿನಲ್ಲಿ ಜ್ವರ ಬಂದು ಎಂಟೇ ದಿನಕ್ಕೆ ತೀರಿಕೊಂಡಳು. ಜಾಹೆದಾ ತಂತಿ ಕಳಿಸಿದಳು.

ಎಂಬತ್ಮೂರರ ಫೆಬ್ರವರಿಯಲ್ಲಿ ಮೀರಾಹುಸೇನ ಬೊಂಬಾಯಿಯ ಗಾಡಿಯಿಂದ ರಾಯಚೂರಿನ ಸ್ಟೇಶನ್ನಿನಲ್ಲಿ ಇಳಿದ. ಹೋಗಿ ಐದು ವರ್ಷ ನಾಲ್ಕು ತಿಂಗಳಾಗಿತ್ತು. ಇನ್ನೂ ಎರಡು ವರ್ಷ ಎಂದಿದ್ದ ಯಜಮಾನ ಮೂರು ವರ್ಷ ದುಡಿಸಿಕೊಂಡು ಪಾಸ್‌ಪೋರ್ಟು ಕೊಟ್ಟಿದ್ದ. ಜಾಹೆದಾ, ವಲಿ ಪಾಷಾ ಇಬ್ಬರೂ ಹೋಗಿದ್ದರು. ಅವಳು ಅವನನ್ನು ದೂರದಿಂದಲೇ ಗುರುತು ಹಿಡಿದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ವಲಿ ಪಾಷಾ ಪೆಟ್ಟಿಗೆ ಎತ್ತಿಕೊಂಡ. ಊರು ಮುಟ್ಟಿ ಮೊದಲು ಖಬರಸ್ಥಾನಕ್ಕೆ ಹೋಗಿ ತಾಯಿಯ ಗೋರಿಯ ಹತ್ತಿರ ಕೂತು ಮನೆಗೆ ಬಂದರು.

ಜನವರಿಯ ಚುನಾವಣೆಗೆ ಜಾಹೆದಾ ತಾನಾಗಿಯೇ ಜಮಾ ಮಾಡಿದ್ದ ಬಂದೂಕು ಇನ್ನೂ ಠಾಣೆಯಲ್ಲಿಯೇ ಇತ್ತು. ಮರುವಾರ ಇಬ್ಬರೂ ಮಾನ್ವಿಗೆ ಹೋದರು. ನಿವೃತ್ತಿಯ ಹತ್ತಿರ ಬಂದಿದ್ದ ಗದ್ದೆಪ್ಪ ಮಾಲ್‌ಖಾನೆಯಿಂದ ಬಂದೂಕು ತಂದು ಮೇಜಿನ ಮೇಲಿಟ್ಟ. ಮೀರಾಹುಸೇನ ರೂಢಿಯಂತೆ ಕೈ ಚಾಚಿದ.

"ಏ, ಕೈ ಹಚ್ಚಬ್ಯಾಡಪ್ಪಾ!" ಗದ್ದೆಪ್ಪ ಗದರಿದ. "ನಿನ್ನ ಹೆಸರಿಲ್ಲ. ಆಕಿ ಲೈಸೆನ್ಸುದಾರಳು. ನೀ ಮುಟ್ಟಿದ್ರ ಮತ್ತ ನಾ ಹೇಳಿಕಿ ಬರ್ಕೋಬೇಕಾಗ್ತದ, ನನಗ ಸಾಕಾಗ್ಯಾದ."

ಮೀರಾಹುಸೇನ ಕೈ ಹಿಂದಕ್ಕೆ ಎಳೆದುಕೊಂಡು ನಕ್ಕ. ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಜಾಹೆದಾ ನಳಿಗೆ ಮುರಿದು ನೋಡಿ, ನಂಬರು ತಾಳೆ ಹಾಕಿ, ಸಹಿ ಮಾಡಿ, ಬಂದೂಕನ್ನು ಚೀಲಕ್ಕೆ ಹಾಕಿಕೊಂಡಳು.

ಬಸ್ಸು ಬರುವುದಕ್ಕೆ ಹೊತ್ತಿತ್ತು. ನಿಲ್ದಾಣದ ಹೋಟೆಲಿನಲ್ಲಿ ಅವಳು ಎರಡು ಚಹಾ ಹೇಳಿದಳು, ಒಂದಕ್ಕೆ ಸಕ್ಕರೆ ಹೆಚ್ಚಿಗೆ. ಮೀರಾಹುಸೇನ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಈಗ ಸಕ್ರಿ, ಹಾಲು ಎರಡೂ ಬಿಟ್ಟೀನಿ. ಅಲ್ಲಿ ಬರೇ ಕರೀ ಚಹಾ ಕುಡಿದು ಕುಡಿದು ರೂಢಿ ಆಗ್ಯಾದ."

"ನನಗ ಗೊತ್ತಿದ್ದಿಲ್ಲ" ಎಂದಳು ಜಾಹೆದಾ. ಆ ಲೋಟವನ್ನೂ ತನ್ನ ಕಡೆ ಎಳೆದುಕೊಂಡಳು. ಹೋಗುವಾಗ ಇದ್ದ ಅವನ ಕಪ್ಪು ಕೂದಲು, ಸಿಹಿ ಚಹಾ, ಹಿಂದೆ ನಿಂತು ಭುಜ ಒತ್ತಿ ಹಿಡಿದ ಸಂಜೆ ನೆನಪಾದವು. ಎದುರಿಗೇ ಅವನು ಕೂತಿದ್ದರೂ ಎದೆಯಲ್ಲಿ ಅದೇ ಹಳೆಯ ಹಂಬಲ ಎದ್ದಿತು.

"ಮತ್ತ ಏನೇನು ಬಿಟ್ಟೀರಿ?" ಎಂದು ಕೇಳಿದಳು.

"ಬಾಳ ಅದಾವು."

"ಬೊಂಬಾಯಿಗಿ ಹೋದ ದಿನದಿಂದ ಹೇಳ್ರಿ. ಒಂದು ದಿನಾನೂ ಬಿಡಬ್ಯಾಡ್ರಿ."

"ಬಸ್ಸು ಬರ್ತದ."

"ಬರಲಿ. ಸಂಜಿಗಿ ಇನ್ನೊಂದು ಅದ."

ಮೀರಾಹುಸೇನ ಹೋಟೆಲಿನವನಿಗೆ ಒಂದು ಕರೀ ಚಹಾ ಹೇಳಿ, ಬೆಂಚಿನ ಮೇಲೆ ಕಾಲು ಮಡಚಿ ಕೂತು, ಮೊದಲನೆಯ ದಿನದಿಂದ ಶುರು ಮಾಡಿದ.